ಪರ್ಷಿಯನ್ ಬೆಕ್ಕಿನ ಸ್ವಭಾವ ಹೇಗೆ? ಅಪಾರ್ಟ್‌ಮೆಂಟಿನಲ್ಲಿ ಸಾಕುವುದು ಕಷ್ಟವಾ?

ಬೆಂಗಳೂರಿನ ಫ್ಲ್ಯಾಟು, ಗಂಡ ಹೆಂಡತಿ ಇಬ್ಬರಿಗೂ ಕೆಲಸ, ಮನೆಯಲ್ಲಿ 6 ವರ್ಷದ ಮಗಳು. ಇಂಥ ಮನೆಗೆ ಪರ್ಷಿಯನ್ ಬೆಕ್ಕು ಹೊಂದುತ್ತಾ ಎಂದು ಕೇಳಿದ್ದೀರಿ. ಸ್ವಭಾವದ ಮಟ್ಟಿಗೆ ಚೆನ್ನಾಗಿಯೇ ಹೊಂದುತ್ತದೆ. ಆದರೆ ದಿನಾ ಹತ್ತು ಹದಿನೈದು ನಿಮಿಷ ಬಾಚಣಿಗೆ ಹಿಡಿದು ಕೂರಲು ಮನೆಯಲ್ಲಿ ಒಬ್ಬರಾದರೂ ತಯಾರಿರಬೇಕು. ಅದಾಗಲ್ಲ ಅಂದರೆ ನಾಡ ಬೆಕ್ಕನ್ನೇ ಸಾಕಿ.

ನಮ್ಮ ಮನೆಯಲ್ಲೂ ಒಂದು ಹೆಣ್ಣು ಪರ್ಷಿಯನ್ ಇದೆ. ಪರದೆ ಹತ್ತುವುದು, ಬೀರುವಿನ ಮೇಲಿಂದ ಹಾರುವುದು ಅವಳಿಗೆ ಬೇಕಿಲ್ಲ. ಸೋಫಾ, ಕಿಟಕಿ ಕಟ್ಟೆ, ತಣ್ಣಗಿನ ನೆಲ, ಅಷ್ಟು ಸಾಕು. ಕೂಗುವುದೂ ಕಡಿಮೆ. ಮಕ್ಕಳ ಗಲಾಟೆ ಜಾಸ್ತಿಯಾದರೆ ಪರಚುವುದಿಲ್ಲ, ಎದ್ದು ಮಂಚದ ಕೆಳಗೆ ಹೋಗಿ ಮಲಗುತ್ತಾಳೆ. ಅಲ್ಲಿಂದ ಎಳೆಯಬಾರದು ಅಂತ ಮಗಳಿಗೆ ಮೊದಲೇ ಹೇಳಿಡಿ.

ಈ ಸಾಧು ಗುಣದಿಂದಲೇ ಒಂದು ತೊಂದರೆಯೂ ಇದೆ. ನೋವಿದ್ದರೂ ಸುಮ್ನೆ ಮಲಗಿರುತ್ತದೆ, ನಾವು ಎಷ್ಟು ಶಾಂತ ಅಂದುಕೊಳ್ಳುತ್ತೇವೆ. ಅದಕ್ಕೇ ದಿನಾ ಮೈಯೆಲ್ಲ ಕೈಯಾಡಿಸಿ ನೋಡಬೇಕು. ಬಾಚುವಾಗ ಆ ಕೆಲಸವೂ ಆಗುತ್ತದೆ.

ಮೇಲಿನ ಉದ್ದ ಕೂದಲ ಕೆಳಗೆ ಹತ್ತಿಯಂಥ ಇನ್ನೊಂದು ಪದರ ಇದೆ. ಬೆನ್ನು ನುಣ್ಣಗೆ ಕಂಡರೂ ಕಂಕುಳು, ಹೊಟ್ಟೆ, ಕಿವಿಯ ಹಿಂದೆ, ತೊಡೆಯ ಒಳಬದಿ ಎಲ್ಲ ಗಂಟುಗಟ್ಟಿರುತ್ತದೆ. ಅಗಲ ಹಲ್ಲಿನ ಸ್ಟೀಲ್ ಬಾಚಣಿಗೆ ತಗೊಳ್ಳಿ. ಕೂದಲನ್ನು ಬೆರಳಲ್ಲಿ ಬಿಡಿಸಿಕೊಂಡು ಬುಡದಿಂದ ಬಾಚಿ. ಗಂಟು ಕಂಡರೆ ಚರ್ಮದ ಹತ್ತಿರ ಎರಡು ಬೆರಳಲ್ಲಿ ಬಿಗಿಯಾಗಿ ಹಿಡಿದು, ತುದಿಯಿಂದ ಸ್ವಲ್ಪ ಸ್ವಲ್ಪವೇ ಬಿಡಿಸುತ್ತಾ ಬನ್ನಿ. ಆಗ ಎಳೆತ ಚರ್ಮಕ್ಕೆ ತಾಗುವುದಿಲ್ಲ. ಕತ್ತರಿ ಮಾತ್ರ ಬೇಡವೇ ಬೇಡ. ಗಂಟಿನ ಜೊತೆ ತೆಳು ಚರ್ಮವೂ ಮೇಲೆದ್ದಿರುತ್ತದೆ, ಕತ್ತರಿಸಿದ ಮೇಲೇ ಗೊತ್ತಾಗುವುದು. ದೊಡ್ಡ ಗಂಟನ್ನು ಡಾಕ್ಟರ ಹತ್ತಿರ ಟ್ರಿಮ್ಮರಿನಲ್ಲಿ ತೆಗೆಸಿ. ಸ್ನಾನ ಮಾಡಿಸುವ ಮೊದಲು ಸಿಕ್ಕೆಲ್ಲ ಬಿಡಿಸಿರಬೇಕು, ನೀರು ಬಿದ್ದರೆ ಇನ್ನೂ ಬಿಗಿಯುತ್ತದೆ. ಆಮೇಲೆ ಬುಡದ ತನಕ ಒಣಗಿಸಿ. ಈ ತಳಿಗೆ ಹುಳುಕಡ್ಡಿ ಬೇಗ ಹತ್ತುತ್ತದೆ, ಮಕ್ಕಳಿಗೂ ಅಂಟುತ್ತದೆ. ಕೂದಲು ಉದುರಿ ದುಂಡಗೆ ಬೋಳಾದ ಜಾಗ ಕಂಡರೆ ತಡಮಾಡಬೇಡಿ.

ಮಾರುವವರು ‘ಪಂಚ್ ಫೇಸ್’ ಅಂದರೆ ಮೂಗು ಒಳಗೆ ಹೋದ ಚಪ್ಪಟೆ ಮುಖದ್ದನ್ನು ತೋರಿಸಿ ಜಾಸ್ತಿ ಬೆಲೆ ಹೇಳುತ್ತಾರೆ. ನೀವು ಮೂಗು ಎದ್ದು ಕಾಣುವ ‘ಡಾಲ್ ಫೇಸ್’ ನೋಡಿ. 1871ರಲ್ಲಿ ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸಿನಲ್ಲಿ ಬೆಕ್ಕುಗಳ ಪ್ರದರ್ಶನ ನಡೆದ ಕಾಲಕ್ಕೆ ಪರ್ಷಿಯನ್ನಿಗೂ ಎದ್ದು ಕಾಣುವ ಮೂಗಿತ್ತು. ಅದನ್ನು ಇಷ್ಟು ಚಪ್ಪಟೆ ಮಾಡಿದ್ದು ಆಮೇಲಿನ ಬ್ರೀಡಿಂಗ್. ಮೂಗು ಒಳಗೆ ಹೋದಷ್ಟೂ ಉಸಿರಾಟ ಕಷ್ಟ, ಕಣ್ಣಲ್ಲಿ ನೀರು ಸುರಿಯುತ್ತಲೇ ಇರುತ್ತದೆ. ಯಾವ ಮುಖದ್ದಾದರೂ ಕಣ್ಣಿನ ಸುತ್ತ ದಿನಾ ಒದ್ದೆ ಹತ್ತಿಯಲ್ಲಿ ಒರೆಸಿ. ಬೇಸಿಗೆ ಮಧ್ಯಾಹ್ನ ನೀವಿಬ್ಬರೂ ಆಫೀಸಿಗೆ ಹೋದಾಗ ಪರದೆ ಎಳೆದು ಫ್ಯಾನ್ ಹಾಕಿ ಹೋಗಿ. ಬಾಯಿ ತೆರೆದು ಏದುಸಿರು ಬಿಡುತ್ತಿದ್ದರೆ ಆಗಲೇ ಡಾಕ್ಟರ ಹತ್ತಿರ ಓಡಬೇಕು.

ಹಾಲನ್ನ, ಮೊಸರನ್ನ ಹಾಕಿ ಸಾಕುತ್ತೇವೆ ಅಂದರೆ ಆಗುವುದಿಲ್ಲ. ಬೆಕ್ಕಿಗೆ ಟಾರಿನ್ ಎಂಬ ಅಂಶ ಬೇಕು, ಅದು ಸಿಗುವುದು ಮಾಂಸದಿಂದ. ಕಡಿಮೆಯಾದರೆ ಕಣ್ಣು, ಹೃದಯ ಕೆಡುತ್ತವೆ. ಮನೆಯಲ್ಲಿ ಮಾಂಸ ಬೇಯಿಸದವರು ಒಳ್ಳೆಯ ಕ್ಯಾಟ್ ಫುಡ್ ಹಾಕಬಹುದು.

ಮರಿ ತರುವುದಾದರೆ ತಾಯಿ ಬೆಕ್ಕನ್ನು ಕಣ್ಣಾರೆ ನೋಡಿ. ಅಪ್ಪ ಅಮ್ಮ ಎರಡಕ್ಕೂ ಪಿಕೆಡಿ ಪರೀಕ್ಷೆ ಆಗಿದೆಯಾ ಕೇಳಿ. ಇದು ಕಿಡ್ನಿಯಲ್ಲಿ ನೀರುಗುಳ್ಳೆಯಾಗುವ ವಂಶದ ಕಾಯಿಲೆ, ಪರ್ಷಿಯನ್‌ಗಳಲ್ಲಿ ಜಾಸ್ತಿ. ತಂದೆ ತಾಯಿಯಲ್ಲಿ ಒಂದಕ್ಕೆ ಇದ್ದರೂ ಮರಿಗೆ ಬರಬಹುದು. ಇದೆಲ್ಲ ಕೇಳಿದ್ದಕ್ಕೆ ಮುಖ ಗಂಟಿಕ್ಕುವವರ ಹತ್ತಿರ ತರಬೇಡಿ. ಇನ್ನೊಂದು ದಾರಿಯೂ ಇದೆ. ಕೂದಲು ನೋಡಿಕೊಳ್ಳಲಾಗದೆ ಜನ ಬಿಟ್ಟುಕೊಡುವ ದೊಡ್ಡ ಪರ್ಷಿಯನ್‌ಗಳು ದತ್ತು ಸಿಗುತ್ತವೆ. ಇಬ್ಬರೂ ಹೊರಗೆ ದುಡಿಯುವ ಮನೆಗೆ ಮರಿಗಿಂತ ಅದೇ ವಾಸಿ. ಅದರ ಸ್ವಭಾವ ಏನು, ಮಕ್ಕಳ ಜೊತೆ ಹೇಗಿರುತ್ತದೆ ಅನ್ನುವುದು ಮೊದಲೇ ಗೊತ್ತಾಗಿರುತ್ತದೆ.