ಸ್ಕೈರಿಮ್ ಮೇಲೋ, ವಿಚರ್ ಮೇಲೋ?

ಪ್ರಶ್ನೆ: ನಾನು ಮತ್ತು ನನ್ನ ತಮ್ಮ ಇಬ್ಬರೂ ಫ್ಯಾಂಟಸಿ ರೋಲ್ ಪ್ಲೇಯಿಂಗ್ ಗೇಮ್‌ಗಳನ್ನು (ಆರ್‌ಪಿಜಿ, ಅಂದರೆ ಕಲ್ಪಿತ ಜಗತ್ತಿನ ಒಂದು ಪಾತ್ರವಾಗಿ ಆಡುವ ವಿಡಿಯೊ ಗೇಮ್‌ಗಳನ್ನು) ಆಡುತ್ತೇವೆ. ಅವನ ಪಾಲಿಗೆ ‘ಸ್ಕೈರಿಮ್’ ಬಿಟ್ಟರೆ ಇನ್ನೊಂದಿಲ್ಲ, ನನಗೆ ‘ದಿ ವಿಚರ್ 3’ ಎಂದರೆ ಪ್ರಾಣ. ಮಾತಿಗೆ ಕೂತರೆ ಜಗಳದಲ್ಲೇ ಮುಗಿಯುತ್ತದೆ. ‘ಎರಡರ ಜಾತಿಯೇ ಬೇರೆ, ಹೋಲಿಸುವುದೇ ತಪ್ಪು’ ಎಂಬುದು ಈಗ ಅವನ ವಾದ. ಇಂಥ ಹೋಲಿಕೆ ನಿಜಕ್ಕೂ ಅನ್ಯಾಯವೇ? ಅದರಿಂದ ಯಾರಿಗಾದರೂ ಉಪಯೋಗವಿದೆಯೇ?

ಉತ್ತರ: ನಿಮ್ಮ ತಮ್ಮನ ಮಾತಿನಲ್ಲಿ ಅರ್ಧವನ್ನು ಒಪ್ಪುತ್ತೇನೆ. ಎರಡರ ಜಾತಿ ಬೇರೆ ಎಂಬುದು ನಿಜ. ಆದರೆ ಹಾಗೆಂದು ಅವರಿಗೆ ಗೊತ್ತಾದದ್ದೇ ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದ್ದರಿಂದ. ಜಗಳ ಬಗೆಹರಿಯದಿರುವುದಕ್ಕೆ ‘ಒಟ್ಟಾರೆ ಯಾವುದು ದೊಡ್ಡದು’ ಎಂಬ ಪ್ರಶ್ನೆಯೇ ಕಾರಣ. ಅದನ್ನು ಬಿಟ್ಟು, ಇಂಥ ಗೇಮ್‌ಗಳ ತಯಾರಕರೆಲ್ಲರೂ ಎದುರಿಸುವ ಒಂದು ನಿರ್ದಿಷ್ಟ ಸಮಸ್ಯೆಯನ್ನು ತೆಗೆದುಕೊಂಡು, ಅದನ್ನು ಯಾರು ಹೇಗೆ ನಿಭಾಯಿಸಿದ್ದಾರೆ, ಅದಕ್ಕಾಗಿ ಏನನ್ನು ಬಿಟ್ಟುಕೊಟ್ಟಿದ್ದಾರೆ ಎಂದು ಕೇಳಿದರೆ ಹೋಲಿಕೆ ನ್ಯಾಯವೂ ಆಗುತ್ತದೆ, ಉಪಯೋಗಕ್ಕೂ ಬರುತ್ತದೆ.

ಆಟಗಾರನ ತೀರ್ಮಾನಕ್ಕೆ ಎಷ್ಟು ಬೆಲೆ ಎಂಬ ಪ್ರಶ್ನೆಯನ್ನೇ ನೋಡಿ. (‘ವಿಚರ್ 3’ ಇನ್ನೂ ಆಡದವರು ಈ ಪ್ಯಾರಾವನ್ನು ಬಿಟ್ಟು ಮುಂದೆ ಹೋಗುವುದು ಒಳ್ಳೆಯದು.) ಅದರಲ್ಲಿ ವೆಲೆನ್ ಎಂಬ ಜೌಗು ನಾಡಿದೆ, ಅಲ್ಲಿ ಒಂದು ಮರದ ಬೇರುಗಳ ಕೆಳಗೆ ಆತ್ಮವೊಂದು ಸೆರೆಯಾಗಿದೆ. ತನ್ನನ್ನು ಬಿಡಿಸಿದರೆ ಅನಾಥ ಮಕ್ಕಳನ್ನು ಕಾಪಾಡುತ್ತೇನೆಂದು ಅದು ಮಾತು ಕೊಡುತ್ತದೆ. ಬಿಡಿಸಿದರೆ ಮಕ್ಕಳು ಬದುಕುತ್ತಾರೆ, ಆದರೆ ಒಂದು ಹಳ್ಳಿ ಹಾಳಾಗುತ್ತದೆ. ಕೊಂದರೆ ಹಳ್ಳಿ ಉಳಿಯುತ್ತದೆ, ಮಕ್ಕಳು ಉಳಿಯುವುದಿಲ್ಲ. ಬ್ಯಾರನ್ ಒಬ್ಬನ ಸಂಸಾರದ ಗತಿಯೂ ಇದರಿಂದಲೇ ನಿರ್ಧಾರವಾಗುತ್ತದೆ. ಪರಿಣಾಮ ಕಣ್ಣಿಗೆ ಬೀಳುವ ಹೊತ್ತಿಗೆ ಆಟ ಸಾಕಷ್ಟು ಮುಂದೆ ಸಾಗಿರುವುದರಿಂದ, ಹಳೆಯ ಸೇವ್‌ಗೆ (ಆಟವನ್ನು ಹಿಂದೆ ಉಳಿಸಿಟ್ಟ ಹಂತಕ್ಕೆ) ಮರಳಿ ತಿದ್ದಿಕೊಳ್ಳುವುದು ಸುಲಭವಲ್ಲ. ‘ಸ್ಕೈರಿಮ್’ನಲ್ಲಿ ಒಂದು ಅಂತರ್ಯುದ್ಧವೇ ನಡೆಯುತ್ತದೆ. ಸಾಮ್ರಾಜ್ಯದ ಸೇನೆಯೊಡನೆ ನಿಂತರೂ ಸ್ಟಾರ್ಮ್‌ಕ್ಲೋಕ್ ಬಂಡಾಯಗಾರರೊಡನೆ ನಿಂತರೂ, ಗೆದ್ದ ಮೇಲೆ ಕೆಲವು ಊರುಗಳ ಒಡೆಯರು ಬದಲಾಗುತ್ತಾರೆ, ಕಾವಲುಗಾರರ ಉಡುಪು ಬದಲಾಗುತ್ತದೆ. ಜನರ ದಿನಚರಿ ಬಹುಮಟ್ಟಿಗೆ ಹಾಗೇ ಮುಂದುವರಿಯುತ್ತದೆ. ಈ ವಿಷಯದಲ್ಲಿ ನಿಮ್ಮ ಆಯ್ಕೆಯೇ ಗೆಲ್ಲುತ್ತದೆ ಎನ್ನಲು ನನಗೆ ಹಿಂಜರಿಕೆಯಿಲ್ಲ.

ಈಗ ಪ್ರಶ್ನೆಯನ್ನು ಬದಲಿಸೋಣ: ಲೇಖಕರು ಊಹಿಸದೇ ಇದ್ದುದನ್ನು ಮಾಡಲು ಆಟಗಾರನಿಗೆ ಎಷ್ಟು ಎಡೆಯಿದೆ? ‘ಸ್ಕೈರಿಮ್’ನಲ್ಲಿ ತಟ್ಟೆ, ಚಮಚ, ಎಲೆಕೋಸು, ಬಕೆಟ್ ಹೀಗೆ ಕಣ್ಣಿಗೆ ಬಿದ್ದ ಬಹುತೇಕ ಸಣ್ಣಪುಟ್ಟ ವಸ್ತುಗಳನ್ನು ಎತ್ತಬಹುದು, ಬೇಕಾದ ಕಡೆ ಇಡಬಹುದು. ಅಂಗಡಿಯವನ ತಲೆಯ ಮೇಲೆ ಬಕೆಟ್ ಕವುಚಿದರೆ ಅವನಿಗೆ ಕಣ್ಣು ಕಾಣಿಸದಾಗಿ, ಅವನ ಮುಂದೆಯೇ ಸಾಮಾನು ಕದಿಯಬಹುದೆಂಬುದನ್ನು ಆಟಗಾರರು ತಾವೇ ಕಂಡುಕೊಂಡರು. ನಡುವೆ ಏನಾದರೂ ಅಡ್ಡ ಬಂದರೆ ನೋಟ ಹಾಯುವುದಿಲ್ಲ ಎಂಬ ನಿಯಮವೂ, ವಸ್ತುಗಳನ್ನು ಎಲ್ಲಿಗೆ ಬೇಕಾದರೂ ಒಯ್ಯಬಹುದೆಂಬ ನಿಯಮವೂ ಕೂಡಿದಾಗ ಇದು ತಾನಾಗಿ ಹುಟ್ಟಿಕೊಂಡಿತು. ‘ವಿಚರ್ 3’ರಲ್ಲಿ ಪೆಟ್ಟಿಗೆ ತೆರೆದು ಒಳಗಿದ್ದುದನ್ನು ತೆಗೆದುಕೊಳ್ಳಬಹುದೇ ಹೊರತು, ಜಗತ್ತಿನ ಸಾಮಾನುಗಳ ಮೇಲೆ ಆ ಬಗೆಯ ಹಿಡಿತವಿಲ್ಲ.

ಎರಡೂ ಗುಣಗಳು ಒಂದೇ ಗೇಮ್‌ನಲ್ಲಿ ಏಕಿರಬಾರದು ಎಂದು ಕೇಳಿದಾಗ ಹೋಲಿಕೆಗೆ ನಿಜವಾದ ಕಸುವು ಬರುತ್ತದೆ. ‘ವಿಚರ್’ನ ನಾಯಕ ಗೆರಾಲ್ಟ್, ಪೋಲೆಂಡಿನ ಲೇಖಕ ಆಂಡ್ರೆಯ್ ಸಪ್ಕೋವ್‌ಸ್ಕಿಯವರ ಕಥೆಗಳಿಂದ ಬಂದವನು. ಅವನ ವಯಸ್ಸು, ವೃತ್ತಿ, ಹಳೆಯ ಪ್ರೇಮ, ಮಾತಿನ ಧಾಟಿ ಎಲ್ಲವೂ ಮೊದಲೇ ನಿಶ್ಚಯವಾಗಿರುವುದರಿಂದ, ಅವನೊಡನೆ ಮಾತನಾಡುವವರಿಗೆ ಸಂಭಾಷಣೆ ಬರೆಯುವವರು ಅವನ ಮನಸ್ಸಿನ ಆಳಕ್ಕೇ ಕೈ ಹಾಕಬಹುದು. ‘ಸ್ಕೈರಿಮ್’ನಲ್ಲಿ ನಾಯಕನನ್ನು ಹತ್ತು ಜನಾಂಗಗಳಿಂದ ನೀವೇ ಆರಿಸಿ ರೂಪಿಸುತ್ತೀರಿ, ಅವನು ಬೆಕ್ಕಿನ ಮುಖದ ಖಜೀಟ್ ಆಗಿರಬಹುದು, ಆರ್ಕ್ ಹೆಣ್ಣೂ ಆಗಿರಬಹುದು. ಎಲ್ಲರಿಗೂ ಹೊಂದುವಂತೆ ಬರೆದ ಮಾತು ಯಾರಿಗೂ ಆಪ್ತವಾಗುವುದು ಕಷ್ಟ. ಒಂದು ತಂಡ ಆಳವನ್ನು ಆರಿಸಿಕೊಂಡು ಸ್ವಾತಂತ್ರ್ಯವನ್ನು ಬಿಟ್ಟಿತು, ಇನ್ನೊಂದು ಸ್ವಾತಂತ್ರ್ಯವನ್ನು ಆರಿಸಿಕೊಂಡು ಆಳವನ್ನು ಬಿಟ್ಟಿತು. ಇಷ್ಟು ತಿಳಿದವರು ಮುಂದಿನ ಗೇಮ್ ಕೊಳ್ಳುವಾಗ ತಮಗೆ ಬೇಕಾದುದೇನೆಂದು ಹೇಳಬಲ್ಲರು.

ಅನ್ಯಾಯದ ಹೋಲಿಕೆಗಳೂ ಇವೆ ಎನ್ನಿ. ‘ಸ್ಕೈರಿಮ್’ ಬಂದದ್ದು 2011ರ ನವೆಂಬರ್‌ನಲ್ಲಿ. ಅದು 512 ಎಂಬಿ ಮೆಮೊರಿಯ ಎಕ್ಸ್‌ಬಾಕ್ಸ್ 360 ಎಂಬ ಗೇಮ್ ಯಂತ್ರದಲ್ಲೂ ಓಡಬೇಕಿತ್ತು. ಮೂರೂವರೆ ವರ್ಷಗಳ ಬಳಿಕ, 2015ರ ಮೇ ತಿಂಗಳಲ್ಲಿ ಬಂದ ‘ವಿಚರ್ 3’ಗೆ ಸಿಕ್ಕಿದ್ದು 8 ಜಿಬಿಯ ಪ್ಲೇಸ್ಟೇಷನ್ 4. ಹದಿನಾರು ಪಟ್ಟು ಮೆಮೊರಿಯ ಅಂತರವಿರುವಾಗ ಕಾಡಿನ ಚೆಲುವನ್ನೂ ಮುಖಭಾವಗಳನ್ನೂ ಹೋಲಿಸಿ ತೀರ್ಪು ಕೊಡುವುದು ತಯಾರಕರಿಗೆ ಮಾಡುವ ಅನ್ಯಾಯ. ಒಂದರ ಮೊದಲ ದಿನದ ಆವೃತ್ತಿಯನ್ನು ಇನ್ನೊಂದರ ವರ್ಷಗಟ್ಟಲೆ ತಿದ್ದಿದ ಆವೃತ್ತಿಯೊಡನೆ ಇಟ್ಟು ನೋಡುವುದೂ ಅಷ್ಟೇ ಸಲ್ಲದು.

ಹಾಗೆಂದು ಯಂತ್ರದ ಮಿತಿ ಎಲ್ಲಕ್ಕೂ ರಕ್ಷಣೆಯಲ್ಲ. ‘ಸ್ಕೈರಿಮ್’ನಲ್ಲಿ ಬೆರಳೆಣಿಕೆಯಷ್ಟು ಮಂತ್ರಗಳನ್ನು ಬಳಸಿದವನೂ ವಿಂಟರ್‌ಹೋಲ್ಡ್ ಮಾಂತ್ರಿಕ ವಿದ್ಯಾಲಯದ ಮುಖ್ಯಸ್ಥನಾಗಬಹುದು. ‘ಸ್ಕೈರಿಮ್’ ತಯಾರಿಸಿದ ಸಂಸ್ಥೆಯೇ 2002ರಲ್ಲಿ ತಂದ ‘ಮಾರೋವಿಂಡ್’ನಲ್ಲಿ, ಸಂಘದೊಳಗೆ ಮೇಲಿನ ದರ್ಜೆಗೇರಲು ಅದಕ್ಕೆ ತಕ್ಕ ವಿದ್ಯೆಯನ್ನು ಬೆಳೆಸಿಕೊಂಡಿರಲೇಬೇಕಿತ್ತು. ಆ ಗೇಮ್ 64 ಎಂಬಿಯ ಮೊದಲ ಎಕ್ಸ್‌ಬಾಕ್ಸ್‌ನಲ್ಲೂ ಓಡುತ್ತಿತ್ತು. ಕಡಿಮೆ ಸೌಲಭ್ಯದಲ್ಲಿ ಸಾಧ್ಯವಾಗಿದ್ದುದು ಮುಂದೆ ಕೈಬಿಟ್ಟು ಹೋಯಿತೆಂಬುದನ್ನು ತೋರಿಸಿಕೊಡುವುದು ಹೋಲಿಕೆಯೊಂದೇ.

ಪ್ರಶ್ನೆ: ವಿಮರ್ಶಕರ ಅಂಕಗಳ ಸರಾಸರಿ ಇರುವಾಗ ಇಷ್ಟೆಲ್ಲ ವಿಶ್ಲೇಷಣೆ ಬೇಕೇ? 90 ಬಂದ ಗೇಮ್ 85 ಬಂದದ್ದಕ್ಕಿಂತ ಮೇಲಲ್ಲವೇ?

ಉತ್ತರ: ಅಲ್ಲ. 2022ರ ‘ಎಲ್ಡನ್ ರಿಂಗ್’ ಆಟಗಾರನಿಗೆ ಕ್ವೆಸ್ಟ್‌ಗಳ (ಮಾಡಿ ಮುಗಿಸಬೇಕಾದ ಕೆಲಸಗಳ) ಪಟ್ಟಿ ಕೊಡುವುದಿಲ್ಲ, ಕಷ್ಟದ ಮಟ್ಟವನ್ನು ಇಳಿಸಿಕೊಳ್ಳುವ ಆಯ್ಕೆಯನ್ನೂ ಕೊಡುವುದಿಲ್ಲ. ಇದೇ ಕಾರಣಕ್ಕೆ ಒಬ್ಬರು ಅಂಕ ಕಳೆಯಬಹುದು, ಇನ್ನೊಬ್ಬರು ಅಂಕ ಕೂಡಿಸಬಹುದು. ಸರಾಸರಿಯಲ್ಲಿ ಎರಡೂ ಅಭಿಪ್ರಾಯಗಳು ಅಳಿಸಿಹೋಗುತ್ತವೆ. ನಿಮಗೆ ಬೇಕಿದ್ದುದು ಆ ಭಿನ್ನಾಭಿಪ್ರಾಯವೇ.

ಈ ಅಂಕಿಯ ಮೋಹದಿಂದ ಮನುಷ್ಯರ ದುಡಿಮೆಗೂ ಪೆಟ್ಟು ಬೀಳುತ್ತದೆ. ಅಣುಯುದ್ಧದ ನಂತರದ ಜಗತ್ತಿನ ಕಥೆಯಾದ್ದರಿಂದ ‘ಫಾಲ್ಔಟ್: ನ್ಯೂ ವೆಗಾಸ್’ (2010) ಫ್ಯಾಂಟಸಿಗೆ ಸೇರುವುದಿಲ್ಲವಾದರೂ ಅದು ಇದೇ ಕುಲದ ರೋಲ್ ಪ್ಲೇಯಿಂಗ್ ಗೇಮ್. ವಿಮರ್ಶಕರ ಅಂಕಗಳ ಸರಾಸರಿ ತೆಗೆಯುವ ಮೆಟಾಕ್ರಿಟಿಕ್ ಜಾಲತಾಣದಲ್ಲಿ 85 ಅಥವಾ ಹೆಚ್ಚು ಅಂಕ ಬಂದರೆ ಮಾತ್ರ ಅದನ್ನು ತಯಾರಿಸಿದ ಆಬ್ಸಿಡಿಯನ್ ತಂಡಕ್ಕೆ ಬೋನಸ್ ಸಿಗಬೇಕಿತ್ತೆಂದು ಅದರ ವಿನ್ಯಾಸಕಾರರಲ್ಲೊಬ್ಬರಾದ ಕ್ರಿಸ್ ಅವೆಲೋನ್ 2012ರಲ್ಲಿ ತಿಳಿಸಿದರು. ಬಂದದ್ದು 84. ಆ ಒಂದು ಅಂಕ ಆ ಗೇಮ್‌ನ ಯಾವ ಗುಣವನ್ನೂ ಅಳೆಯುವುದಿಲ್ಲ.

ಪ್ರಶ್ನೆ: ‘ಬಾಲ್ಡರ್ಸ್ ಗೇಟ್ 3’ ಬಂದ ಮೇಲೆ ಪ್ರತಿ ಹೊಸ ಆರ್‌ಪಿಜಿಯನ್ನೂ ಅದಕ್ಕೇ ಹೋಲಿಸುತ್ತಿದ್ದಾರೆ. ಸಣ್ಣ ತಂಡಗಳಿಗೆ ಇದು ಅನ್ಯಾಯವಲ್ಲವೇ?

ಉತ್ತರ: ಏನನ್ನು ಹೋಲಿಸುತ್ತಾರೆ ಎಂಬುದರ ಮೇಲೆ ಹೋಗುತ್ತದೆ. ಆ ಗೇಮ್ 2020ರ ಅಕ್ಟೋಬರ್‌ನಲ್ಲೇ ಅರ್ಧ ತಯಾರಾದ ರೂಪದಲ್ಲಿ ಆಟಗಾರರ ಕೈಗೆ ಬಂದು, ಅವರ ಅನಿಸಿಕೆಗಳನ್ನು ಪಡೆಯುತ್ತಾ 2023ರ ಆಗಸ್ಟ್‌ನಲ್ಲಿ ಪೂರ್ಣಗೊಂಡಿತು. ನಿಯಮಗಳ ತಳಹದಿಯಾಗಿ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ನ ಐದನೆಯ ಆವೃತ್ತಿ ಅದಕ್ಕೆ ಸಿದ್ಧವಾಗಿ ದೊರೆತಿತ್ತು, ಅದನ್ನು ತಯಾರಿಸಿದ ಲೇರಿಯನ್ ಸಂಸ್ಥೆಯ ನೂರಾರು ಜನರ ಶ್ರಮವೂ ಇತ್ತು. ಅದರ ಗಾತ್ರವನ್ನಾಗಲೀ, ಪ್ರತಿ ಪಾತ್ರಕ್ಕೂ ನಟರಿಂದ ಧ್ವನಿ ಕೊಡಿಸಿದ ವೈಭವವನ್ನಾಗಲೀ ಐದಾರು ಜನರ ತಂಡದಿಂದ ಬಯಸುವುದು ಸರಿಯಲ್ಲ.

ಆದರೆ ಅದರಲ್ಲಿ ಇನ್ನೊಂದು ಗುಣವಿದೆ. ಹೆಣಗಳನ್ನು ಮಾತನಾಡಿಸುವ ಮಂತ್ರವೊಂದು ಆಟಗಾರನಿಗೆ ಸಿಗುತ್ತದೆ. ನೀವೇ ಕೊಂದವನ ಹೆಣದ ಮೇಲೆ ಅದನ್ನು ಪ್ರಯೋಗಿಸಿದರೆ, ತನ್ನನ್ನು ಕೊಂದವರೊಡನೆ ಅದು ಮಾತನಾಡುವುದಿಲ್ಲ; ವೇಷ ಮರೆಸುವ ಮಂತ್ರದಿಂದ ಬೇರೆ ರೂಪ ತಾಳಿ ಹೋದರೆ ಬಾಯಿ ಬಿಡುತ್ತದೆ. ಆಟಗಾರ ಮುಂದೇನು ಮಾಡಿಯಾನು ಎಂದು ಮೊದಲೇ ಯೋಚಿಸಿಟ್ಟ ಈ ಎಚ್ಚರವನ್ನು ಸಣ್ಣ ತಂಡದಿಂದಲೂ ನಿರೀಕ್ಷಿಸಬಹುದು, ನಿರೀಕ್ಷಿಸಬೇಕು. ಬಹುಪಾಲು ಟೋಬಿ ಫಾಕ್ಸ್ ಒಬ್ಬರೇ ರೂಪಿಸಿದ ‘ಅಂಡರ್‌ಟೇಲ್’ (2015) ಗೇಮ್‌ನಲ್ಲಿ, ತಾಯಿಯಂತೆ ನಿಮ್ಮನ್ನು ಆದರಿಸುವ ಟೊರಿಯಲ್‌ಳನ್ನು ಕೊಂದು, ಮನಸ್ಸು ತಡೆಯದೆ ಹಳೆಯ ಸೇವ್‌ಗೆ ಮರಳಿ ಅವಳನ್ನು ಉಳಿಸಿಕೊಂಡಿರೆನ್ನಿ. ಮುಂದೆ ಎದುರಾಗುವ ಫ್ಲವಿ ಎಂಬ ಹೂವು, ನೀವು ಮೊದಲು ಅವಳನ್ನು ಕೊಂದದ್ದು ತನಗೆ ಗೊತ್ತಿದೆ ಎಂದು ನಿಮ್ಮ ಮುಖಕ್ಕೇ ಹೇಳುತ್ತದೆ.