ಮಿಡಿ, ಮೆಣಸು, ಪೆಟ್ಟಿಗೆ: ಎಷ್ಟು ಕೊಂಡಿಡಬೇಕು?

ಪ್ರಶ್ನೆ: ಸಾಗರದಿಂದ ಆನ್‌ಲೈನ್‌ನಲ್ಲಿ ಅಪ್ಪೆಮಿಡಿ ಉಪ್ಪಿನಕಾಯಿ, ಕಾಳುಮೆಣಸು ಮಾರುತ್ತೇವೆ. ವರ್ಷದ ಆರಂಭದಲ್ಲಿ ಎಷ್ಟು ದಾಸ್ತಾನು ಮಾಡಿಕೊಳ್ಳಬೇಕು?

ಉತ್ತರ: ಎರಡಕ್ಕೂ ಒಂದೇ ಲೆಕ್ಕ ಹಾಕಬೇಡಿ. ಮಿಡಿ ಸಿಗುವುದು ಬೇಸಿಗೆಯ ಕೆಲವೇ ವಾರ. ವರ್ಷಕ್ಕೆ ಬೇಕಾದಷ್ಟನ್ನೂ ಆಗಲೇ ಕೊಂಡು ಉಪ್ಪಿಗೆ ಹಾಕಿಡಬೇಕು. ಕಳೆದ ವರ್ಷದ ದಿನದ ಮಾರಾಟದ ಸರಾಸರಿ ತೆಗೆಯುವಾಗ ಸ್ಟಾಕ್ ಖಾಲಿಯಿದ್ದ ದಿನಗಳನ್ನು ಕೈಬಿಡಿ. ಸೇರಿಸಿದರೆ ಬೇಡಿಕೆ ಕಡಿಮೆ ಕಾಣುತ್ತದೆ, ಹೆಚ್ಚಿನವರು ಎಡವುವುದು ಇಲ್ಲೇ.

ಮೆಣಸನ್ನು ಕೊಯ್ಲಿನ ಹೊತ್ತಿಗೇ ಕೊಳ್ಳಿ, ಆದರೆ ತೇವಾಂಶ ಶೇ. 11ಕ್ಕಿಂತ ಹೆಚ್ಚಿದ್ದರೆ ಬೇಡ. ಮಲೆನಾಡಿನ ಮಳೆಗಾಲದಲ್ಲಿ ಬೂಷ್ಟು ಹಿಡಿಯುತ್ತದೆ. ಗಾಳಿಯಾಡದ ಚೀಲದಲ್ಲಿ, ಹಲಗೆಯ ಮೇಲೆ, ಗೋಡೆಗೆ ತಾಗದಂತೆ ಇಡಿ.

ರಟ್ಟಿನ ಪೆಟ್ಟಿಗೆ ರಾಶಿ ಹಾಕಬೇಡಿ, ಮಳೆಗೆ ಮೆತ್ತಗಾಗುತ್ತವೆ. ದಿನಕ್ಕೆ 6 ಆರ್ಡರ್, ಪೆಟ್ಟಿಗೆ ಬರಲು 10 ದಿನವಾದರೆ 60; ತಡವಾದರೆ ಇರಲಿ ಎಂದು ಇನ್ನು 30. ಒಟ್ಟು 90. ಉಳಿದ ಪೆಟ್ಟಿಗೆ 90ಕ್ಕಿಳಿದ ದಿನವೇ ಹೊಸ ಪೆಟ್ಟಿಗೆಗೆ ಆರ್ಡರ್ ಕೊಡಿ.