ಹೊಸ ಆಂಟಿಬಯೋಟಿಕ್ ಬರೋದು ಯಾಕಿಷ್ಟು ತಡ?

ಪ್ರಶ್ನೆ: ನಮ್ಮತ್ತೆಗೆ ಶುಗರ್ ಇದೆ, ಪದೇಪದೇ ಉರಿಮೂತ್ರ. ಈ ಸಲ ಕಲ್ಚರ್ ರಿಪೋರ್ಟಲ್ಲಿ ಎರಡು ಔಷಧಿಗೆ ಮಾತ್ರ 'ಎಸ್', ಉಳಿದದ್ದಕ್ಕೆಲ್ಲ 'ಆರ್' ಅಂತಿದೆ. ಹೊಸ ಆಂಟಿಬಯೋಟಿಕ್ ಯಾವುದೂ ಬಂದಿಲ್ವಾ ಡಾಕ್ಟ್ರೇ?
— ಓದುಗರು, ಸೋಮವಾರಪೇಟೆ

ಉತ್ತರ: ಗಾಬರಿ ಬೇಡ. ಕಲ್ಚರ್ ಅಂದ್ರೆ ಮೂತ್ರದಲ್ಲಿರೋ ಬ್ಯಾಕ್ಟೀರಿಯಾ ಬೆಳೆಸಿ ಯಾವ ಔಷಧಿಗೆ ಬಗ್ಗುತ್ತೆ ಅಂತ ನೋಡೋ ಟೆಸ್ಟ್. 'ಎಸ್' ಅಂದ್ರೆ ಆ ಔಷಧಿಗೆ ಈ ಬ್ಯಾಕ್ಟೀರಿಯಾ ಬಗ್ಗುತ್ತೆ ಅಂತ, 'ಆರ್' ಅಂದ್ರೆ ಬಗ್ಗಲ್ಲ ಅಂತ. ರಿಪೋರ್ಟ್ ಹಿಡ್ಕೊಂಡು ಡಾಕ್ಟರ್ ಹತ್ರ ಹೋಗಿ, ಹಳೇ ಚೀಟಿ ತೋರಿಸಿ ಮೆಡಿಕಲ್ ಶಾಪಿಂದ ಮಾತ್ರೆ ತರ್ಬೇಡಿ. ಕ್ರಿಯಾಟಿನಿನ್ ಟೆಸ್ಟೂ ಮಾಡ್ಸಿ, ಯಾವ ಔಷಧಿ ಎಷ್ಟು ಕೊಡ್ಬೇಕು ಅನ್ನೋದು ಕಿಡ್ನಿ ಹೇಗಿದೆ ಅನ್ನೋದರ ಮೇಲಿದೆ. ಚಳಿಜ್ವರ, ವಾಂತಿ, ಪಕ್ಕೆ ನೋವು ಬಂತೋ, ಮಡಿಕೇರಿಗೋ ಮೈಸೂರಿಗೋ ಅಂತ ಯೋಚ್ನೆ ಮಾಡ್ತಾ ಕೂರ್ಬೇಡಿ, ಹತ್ರದ ಆಸ್ಪತ್ರೆಗೆ ಅವತ್ತೇ ಕರ್ಕೊಂಡು ಹೋಗಿ.

ಇನ್ನು ಹೊಸ ಔಷಧಿ ವಿಷಯ. ಹೂಮಳೆ ಬಿದ್ದಾಗ ತೋಟದಲ್ಲಿ ಏಳುತ್ತಲ್ಲ ಮಣ್ಣಿನ ವಾಸನೆ, ಅದಕ್ಕೆ ಮುಖ್ಯ ಕಾರಣ ಸ್ಟ್ರೆಪ್ಟೊಮೈಸಿಸ್ ಜಾತಿಯ ಬ್ಯಾಕ್ಟೀರಿಯಾ, 1943ರಲ್ಲಿ ಟಿಬಿಗೆ ಸ್ಟ್ರೆಪ್ಟೊಮೈಸಿನ್ ಅನ್ನೋ ಆಂಟಿಬಯೋಟಿಕ್ ಸಿಕ್ಕಿದ್ದೂ ಅದ್ರಿಂದಾನೇ. ಆಮೇಲೆ ಕಂಪನಿಗಳು ಊರೂರಿನ ಮಣ್ಣು ತರಿಸಿ ಹುಡುಕಿದ್ರು, ಸುಲಭಕ್ಕೆ ಸಿಗೋದೆಲ್ಲ ಸಿಕ್ಕಿಹೋಯ್ತು, ಕೊನೆಗೆ ಸಿಕ್ಕಿದ್ದೇ ಮತ್ತೆಮತ್ತೆ ಸಿಗೋಕೆ ಶುರುವಾಯ್ತು. ಉರಿಮೂತ್ರ ತರೋದು ಸಾಮಾನ್ಯವಾಗಿ ಇ. ಕೋಲಿ ಅನ್ನೋ ಬ್ಯಾಕ್ಟೀರಿಯಾ, ಅದಕ್ಕೆ ಎರಡು ಪೊರೆ, ಔಷಧಿ ಒಳಗೆ ಹೋಗೋದೇ ಕಷ್ಟ, ಹೋದ್ರೂ ಪಂಪ್ ಮಾಡಿ ಹೊರಗೆ ಹಾಕುತ್ತೆ. 2019ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕ ಸೆಫಿಡೆರೊಕಾಲ್ ಅನ್ನೋ ಆಂಟಿಬಯೋಟಿಕ್ ಇದಕ್ಕೊಂದು ಉಪಾಯ ಹೂಡುತ್ತೆ, ಬ್ಯಾಕ್ಟೀರಿಯಾಕ್ಕೆ ಕಬ್ಬಿಣದ ಅಂಶ ಬೇಕೇಬೇಕಲ್ಲ, ಅದನ್ನ ಅಂಟಿಸ್ಕೊಂಡು ಅದರ ಜೊತೆಗೇ ಒಳಗೆ ನುಗ್ಗುತ್ತೆ. ನಂಗೆ ತುಂಬಾ ಇಷ್ಟವಾದ ಕೆಲಸ ಇದು.

ಆದ್ರೆ ವಿಜ್ಞಾನಕ್ಕಿಂತ ದುಡ್ಡಿನ ತೊಡಕೇ ದೊಡ್ಡದು ಅನ್ಸುತ್ತೆ. ಅಕೇಜನ್ ಅನ್ನೋ ಅಮೆರಿಕದ ಕಂಪನಿ ಇಂಥದೇ ಮೂತ್ರದ ಸೋಂಕಿಗೆ ಪ್ಲಾಜೊಮೈಸಿನ್ ತಂತು, 2018ರಲ್ಲಿ ಒಪ್ಪಿಗೆ ಸಿಕ್ತು, 2019ರಲ್ಲಿ ಕಂಪನಿನೇ ದಿವಾಳಿ. ಶುಗರ್ ಮಾತ್ರೆ ಆದ್ರೆ ಜೀವನಪೂರ್ತಿ ಮಾರಾಟ ಆಗುತ್ತೆ, ಆಂಟಿಬಯೋಟಿಕ್ ಕೆಲವೇ ದಿನ, ಅದೂ ಹೊಸದಾದ್ರೆ ಜೋಪಾನವಾಗಿ ಎತ್ತಿಡ್ಬೇಕು, ಹಾಗಿರೋವಾಗ ಹಾಕಿದ ದುಡ್ಡು ವಾಪಸ್ ಬರೋದು ಹೇಗೆ? ಸರ್ಕಾರಗಳು ಕೈಹಾಕ್ದೆ ಇದು ಆಗಲ್ಲ.

ಹಾಗಂತ ಏನೂ ಬಂದಿಲ್ಲ ಅಂತಲ್ಲ. ಆಂಟಿಬಯೋಟಿಕ್‌ನ ಬ್ಯಾಕ್ಟೀರಿಯಾ ಹಾಳು ಮಾಡದಂತೆ ತಡೆಯೋಕೆ ಅಂತ ಚೆನ್ನೈನ ಆರ್ಕಿಡ್ ಕಂಪನಿ ಕಂಡುಹಿಡಿದ ಎನ್ಮೆಟಾಜೊಬ್ಯಾಕ್ಟಮ್‌ನ ಸೆಫೆಪೈಮ್ ಅನ್ನೋ ಹಳೇ ಆಂಟಿಬಯೋಟಿಕ್ ಜೊತೆ ಸೇರಿಸಿರೋ ಇಂಜೆಕ್ಷನ್‌ಗೆ 2024ರಲ್ಲಿ ಅಮೆರಿಕದ ಒಪ್ಪಿಗೆ ಸಿಕ್ತು, ಅದೂ ಜಟಿಲ ಮೂತ್ರದ ಸೋಂಕಿಗೇ. ಆದ್ರೆ ನಿಮ್ಮತ್ತೆಗೆ ಹಳೇ ಔಷಧಿಲೇ ಕೆಲಸ ಆಗೋದಾದ್ರೆ ಇದನ್ನ ನೀವಾಗೇ ಕೇಳಿ ಹಾಕಿಸ್ಕೋಬೇಡಿ, ಹೆಚ್ಚೆಚ್ಚು ಬಳಸಿದಷ್ಟೂ ಇದಕ್ಕೂ ಬ್ಯಾಕ್ಟೀರಿಯಾ ಬೇಗ ಪಳಗಿಬಿಡುತ್ತೆ.